ಹತ್ತರಿಂದ ಶುರು

ಇಲ್ಲಿ ಎಣಿಕೆ ಹತ್ತರಿಂದ ಶುರು.
ಮೊದಲ ಶನಿವಾರ ನನಗದು ಗೊತ್ತಿರಲಿಲ್ಲ,
ಒಂದರಿಂದ ಒಂಬತ್ತು ಎಲ್ಲಿ ಅಂತ
ಹಾಸುಬಟ್ಟೆಯ ಗಂಟು ಹೊತ್ತು ಅಲೆದೆ, ಬೇಲಿಯವರೆಗೂ.
ಬೆರಿಲ್ ಟ್ರಾನ್ಮರ್ ಕಿಟಕಿಯಿಂದಲೇ ಕೂಗಿದಳು:
"ಅಲ್ಲೇ ನಿಲ್ಲು ಮಾರಾಯ್ತಿ,
ಇನ್ನೆರಡು ಹೆಜ್ಜೆಗೆ ಒಂಬತ್ತು ಸಿಗುತ್ತೆ."
ಅವಳಂದದ್ದು 'ಲವ್' ಅಂತ.
ನನ್ನ ಕಿವಿಗೆ ಬಿದ್ದದ್ದು ಮಾರಾಯ್ತಿ.

ವಿದರ್ನ್‌ಸೀಯಲ್ಲಿ ಬಸ್ಸಿಳಿದು ಎರಡು ಮೈಲಿ.
ಇಪ್ಪತ್ತಾರು ಕ್ಯಾರವಾನು, ಒಂದು ಚಿಪ್ಸ್ ಅಂಗಡಿ,
ನಾಣ್ಯ ನುಂಗುವ ಒಂದು ಕುದುರೆ,
ಮಕ್ಕಳು ಹತ್ತಿದರೆ ನಿಂತಲ್ಲೇ ನಾಲ್ಕು ಸಲ ಕುಪ್ಪಳಿಸಿ
ಸುಮ್ಮನಾಗುವಂಥದ್ದು.
ಕಡಲು ನೀಲಿಯಲ್ಲ; ದಂಡೆಯ ಜೇಡಿ ತಿಂದು ತಿಂದು
ಬೆಲ್ಲದ ಕಾಫಿಯ ಬಣ್ಣ.
ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ:
ಗಾದೆ ಇಲ್ಲೂ ಸುಳ್ಳಾಗಲಿಲ್ಲ,
ಚಿಪ್ಸ್ ಅಂಗಡಿಯ ಉಪ್ಪಿನ ಡಬ್ಬಿ
ಸೋಮವಾರದಿಂದ ಖಾಲಿ.

ಹತ್ತು ಗಂಟೆಗೆ ಹಳಬರು ಹೊರಡಬೇಕು,
ಎರಡಕ್ಕೆ ಹೊಸಬರು.
ನಡುವಿನ ನಾಲ್ಕು ಗಂಟೆ ನನ್ನದು.
ದಿಂಬಿನ ಕೆಳಗೊಂದು ಹಲ್ಲುಸೆಟ್ಟು,
ಫ್ರಿಜ್ಜಿನಲ್ಲಿ ಅರ್ಧ ಟೊಮೇಟೊ,
ಹೋದ ವಾರ ಬಚ್ಚಲಲ್ಲೊಂದು ಕೆಂಪು ಬಕೆಟ್ಟು;
ಒಳಗೆ ಯಾರೋ ಪುಟಾಣಿ ಹಿಡಿದು ಮರೆತ ಏಡಿ
ನನ್ನ ಪೊರಕೆಯ ಮೇಲೆ
ಇಕ್ಕಳ ಎತ್ತಿ ನಿಂತಿತ್ತು, ಏಕಾಂಗಿ ಸೈನ್ಯ.

ಆಫೀಸಿನ ಹಲಗೆಗೆ ಮೂವತ್ತೈದು ಮೊಳೆ.
ಮೊದಲ ಒಂಬತ್ತರ ಬೀಗದ ಕೈ ಇನ್ನೂ ಅಲ್ಲೇ ನೇತಾಡುತ್ತವೆ.
ಗಾಡಿಗಳನ್ನೇನೋ ಮೊದಲೇ ಟ್ರ್ಯಾಕ್ಟರು ಎಳೆದೊಯ್ದಿತ್ತು ಗುಜರಿಗೆ,
ಬಿದ್ದದ್ದು ಬರೀ ಜಾಗ.
ಜಾಗದ ಪತ್ರ ಕಪಾಟಿನಲ್ಲಿ ಭದ್ರ.
"ಹಾಗೆ ನೋಡಿದರೆ," ಅಂದಳು ಬೆರಿಲ್ ಒಂದು ಸಂಜೆ,
"ಅಲ್ಲಿನ ಮೀನುಗಳದ್ದು
ಹನ್ನೆರಡು ವರ್ಷದ ಬಾಡಿಗೆ ಬಾಕಿ."

ದಂಡೆಯ ಗೋಡೆಯಲ್ಲಿ ಸಾಲು ಸಾಲು ತೂತು:
ಅಂಬರಗುಬ್ಬಿಗಳು. ಆಫ್ರಿಕಾದಿಂದ ಬರುತ್ತವೆ.
ಹೋದ ವರ್ಷದ ಗೂಡು ಹುಡುಕುವುದಿಲ್ಲ,
ಹುಡುಕಿದರೂ ಅದೀಗ ಗಾಳಿಯಲ್ಲಿದೆ.
ಹೊಸದಾಗಿ ಕುಸಿದ ಹಸಿ ಮಣ್ಣೇ ಬೇಕು ಅವಕ್ಕೆ.
ಕುಸಿಯದ ದಂಡೆಯನ್ನು
ಮೂಸಿಯೂ ನೋಡವು.

ನಿನ್ನೆ ಫೋನು. ಹಲ್ ಕಡೆಯ ಮುದುಕ, ನೆವಿಲ್ ಬ್ಲಾಂಚರ್ಡ್.
ಆಗಸ್ಟ್ ಮೂರನೇ ವಾರ, ಏಳನೇ ನಂಬರು,
ಪ್ರತಿ ವರ್ಷವೂ ಇದೇ ಕೇಳುತ್ತಾನಂತೆ.
ಮದುವೆಯಾದ ಹೊಸತರಲ್ಲಿ ಇಳಿದದ್ದು ಅಲ್ಲಿ,
ಐದು ದಿನ ಮಳೆ; ಕಡಲು ಹೇಗಿತ್ತೋ ನೋಡಲೇ ಇಲ್ಲವಂತೆ.
ಬೆರಿಲ್ ರಿಜಿಸ್ಟರ್ ತೆಗೆದಳು, ಕನ್ನಡಕ ಹಾಕಿದಳು,
ಪುಟದ ಮೇಲೆ ಬೆರಳಿಟ್ಟು ಹುಡುಕಿದಳು
ಇಲ್ಲದ ಸಾಲನ್ನು.
"ಏಳು ಖಾಲಿ ಇಲ್ಲ ನೆವಿಲ್. ಹದಿನೇಳು ಕೊಡಲಾ?"
ಆ ಕಡೆ ಬಹಳ ಹೊತ್ತು ಬರೀ ಉಸಿರು.
"ಬೇಡ ಬಿಡು. ಮುಂದಿನ ವರ್ಷ ನೋಡೋಣ."
ಅವನಿಗೆ ಗೊತ್ತು ಅನಿಸುತ್ತದೆ ನನಗೆ.

ಇವತ್ತು ಬೆಳಿಗ್ಗೆ ಹತ್ತನೆಯದರ ಬಾಗಿಲಿಂದ ಅಂಚಿನವರೆಗೆ
ಗಂಡನ ಹಳೇ ಟೇಪು ಹಿಡಿದು ಅಳೆದಳು:
ಹನ್ನೊಂದು ಮೀಟರು, ಚಿಲ್ಲರೆ.
ಚಿಲ್ಲರೆಯನ್ನು ಎರಡು ಸಲ ಅಳೆದಳು.

ಒಳಗಿನದೆಲ್ಲ ಮುಗಿಸಿ
ಕಾಲೊರಸು ಕೊಡವಲು ಹೊರಬಂದೆ.
ಒಂದು ಹಿಡಿ ಮರಳು, ವಾರವಿಡೀ
ಮಕ್ಕಳ ಅಂಗಾಲಿಗಂಟಿ ಮೆಟ್ಟಿಲು ಹತ್ತಿ ಬಂದದ್ದು.
ಗಾಳಿ ಹೊಲದ ಕಡೆಯಿಂದ. ಕೈ ಚಾಚಿದ್ದರೆ ಸಾಕಿತ್ತು,
ಕಡಲು ತನ್ನದನ್ನು ತಾನೇ ಒಯ್ಯುತ್ತಿತ್ತು.
ತಿರುಗಿ ನಿಂತು
ಈಚೆಗೇ ಕೊಡವಿದೆ.
ಅರ್ಧ ನನ್ನ ಕಣ್ಣಿಗೇ ಬಿತ್ತು.