ಒರೆಸಲಾಗದ ಪೆನ್ಸಿಲ್

ನಮ್ಮ ಮತಗಟ್ಟೆಯೆಂದರೆ ಮೂರನೇ ತರಗತಿಯ ಕೋಣೆ,
ಕೊಮಾಕ್ಕಿಯೊದಲ್ಲಿ, ಎರಡನೇ ಕಾಲುವೆಯ ದಂಡೆಗೆ.
ಗೋಡೆಯ ಮೇಲೆ ಏಳರ ಮಗ್ಗಿ. ಕಿಟಕಿಯಿಂದ ಉಪ್ಪುಗಾಳಿ.
ಮೂವತ್ತೊಂದು ವರ್ಷ ಆ ಮೇಜಿನ ಹಿಂದೆ ಕೂತವಳು ನಾನು, ನೀವೆಸ್.
ಬಂದವರಿಗೆ ಚೀಟಿ ಕೊಡುವುದು, ಪೆನ್ಸಿಲ್ ಕೊಡುವುದು,
ಹೋಗುವಾಗ ಮರೆಯದೆ ಪೆನ್ಸಿಲ್ ಈಸಿಕೊಳ್ಳುವುದು.

ಅದು ಮಕ್ಕಳ ಪೆನ್ಸಿಲ್ ಅಲ್ಲ.
ಎಂಜಲು ತಾಗಿದರೆ ನೇರಳೆ ಬಿಡುತ್ತದೆ, ರಬ್ಬರಿಗೆ ಜಗ್ಗುವುದಿಲ್ಲ.
ರೋಮಿನಿಂದ ಎಣಿಸಿ ಬರುತ್ತದೆ, ಎಣಿಸಿಯೇ ಹಿಂದಕ್ಕೆ ಹೋಗುತ್ತದೆ.

ಒರೆಸ್ತೆ ಬೊನಾತ್ಸಾ ನನ್ನ ಮೇಜಿಗೆ ಮೊದಲು ಬಂದದ್ದು
ಇಪ್ಪತ್ತಾರರ ವಯಸ್ಸಲ್ಲಿ, ಬೊಲೋನ್ಯಾದ ಕೋಟು ತೊಟ್ಟು.
ಅಪ್ಪ ಕಾರ್ಖಾನೆಯ ಒಲೆಸಾಲಿನಲ್ಲಿ ಹಾವುಮೀನು ಸುಡುವವ;
ಕೋಟಿನೊಳಗೂ ಆ ಹೊಗೆ, ಆ ವಿನೆಗರ್ ವಾಸನೆ.
ನಾನು ಪೆನ್ಸಿಲ್ ಚಾಚಿದರೆ ಅವನು ಪಾಠ ಶುರುಮಾಡಿದ:
"ನಿಮ್ಮಪ್ಪ ನೀರಲ್ಲಿ ಜೊಂಡಿನ ತಡಿಕೆ ಹೂಡುತ್ತಿದ್ದರಲ್ಲ,
ನೀರು ದಾಟುತ್ತದೆ, ಮೀನು ಸಿಕ್ಕಿಬೀಳುತ್ತದೆ.
ಸಂವಿಧಾನ ಅಂದರೆ ಅಷ್ಟೇ, ನೀವೆಸ್.
ಜನ ನೀರು. ಅಧಿಕಾರ ಹಾವುಮೀನು."
ಹಿಂದೆ ಸಾಲಿನಲ್ಲಿ ಹದಿನಾಲ್ಕು ಜನ ಕೆಮ್ಮುತ್ತಿದ್ದರು.

ಆಮೇಲೆ ಫೆರಾರಾದಲ್ಲಿ ಪ್ರೊಫೆಸರ್.
ಒಂದೇ ಒಂದು ವಿಧಿಯ ಮೇಲೆ ಆರುನೂರು ಪುಟ ಬರೆದ;
ಒಂದು ಪ್ರತಿ ನಮ್ಮ ಶಾಲೆಗೂ ಬಂತು.
ಉಪ್ಪುಜೌಗಿನ ನೀಲಿ ಹೂ ಒಣಗಿಸಲು
ಮಕ್ಕಳಿಗೆ ಅಷ್ಟು ಭಾರದ ಪುಸ್ತಕ ಬೇರೆ ಸಿಕ್ಕಿರಲಿಲ್ಲ.

ಆಮೇಲೆ ಸಂಸತ್ತು, ಸಮಿತಿ,
ಒಂದು ಅಲ್ಪವಿರಾಮಕ್ಕಾಗಿ ಒಂಬತ್ತು ಗಂಟೆ ವಾದ.
ಅದು ಇದ್ದರೆ ರಾಷ್ಟ್ರಾಧ್ಯಕ್ಷನಿಗೆ ಹಕ್ಕು,
ಇಲ್ಲದಿದ್ದರೆ ಬರೀ ಶಿಷ್ಟಾಚಾರ ಅಂತ.
ಮೀನುಪೇಟೆಯಲ್ಲಿ ನಕ್ಕರು:
ರೋಮಿನಲ್ಲಿ ಸಂಬಳ ಕೊಟ್ಟು ಅಲ್ಪವಿರಾಮ ಹಾಕಿಸುತ್ತಾರಂತೆ!
ಅವನು ಗೆದ್ದ. ಅಲ್ಪವಿರಾಮ ಉಳಿಯಿತು.
ಸರ್ಕಾರ ಮಾರನೇ ವಾರ ಬಿತ್ತು.

ಗಡ್ಡ ನರೆತ ಮೇಲೆ ಸುಧಾರಣೆಯ ಉಪಮಂತ್ರಿ,
ಹನ್ನೊಂದು ತಿಂಗಳು.
ಹಾವೂ ಸಾಯದ ಕೋಲೂ ಮುರಿಯದ ಭಾಷೆ ಅಷ್ಟರಲ್ಲಿ ಕಲಿತಿದ್ದ.
ನಲವತ್ತು ವಿಧಿ ಒಮ್ಮೆಗೇ ತಿದ್ದುವ ಮಸೂದೆ;
ಕೆಳಗೆ ಅವನ ರುಜು, ಮೇಲೆ ಬೇರೆಯವರ ಆತುರ.
ಅವನ ಅಕ್ಕ ಇಡಾಲ್ಬಾ ಬಲೆ ಹೆಣೆಯುತ್ತಾ ಟೀವಿ ನೋಡಿ
ಒಂದೇ ಮಾತಂದಳು:
"ಜೊಂಡು ಸಡಿಲ ಮಾಡಿದ್ದಾನೆ."

ಜನಮತದ ದಿನ ನವೆಂಬರಿನ ಮಂಜು,
ಹಾವುಮೀನು ಕತ್ತಲು ನೋಡಿ ಕಡಲಿಗೆ ಹೊರಡುವ ಕಾಲ.
ಕ್ಯಾಮೆರಾಗಳನ್ನು ಬಾಗಿಲಾಚೆ ನಿಲ್ಲಿಸಿ
ಅವನು ಮರೆಯೊಳಗೆ ಹೋದ.
ಚೀಟಿಯಲ್ಲಿ ಇದ್ದದ್ದು ಎರಡೇ ಚೌಕ. ಹೌದು. ಬೇಡ.
ಏಳು ನಿಮಿಷ ಹೊರಬರಲಿಲ್ಲ.
ಬಂದಾಗ ಕೆಳದುಟಿಯ ಮೇಲೆ ನೇರಳೆ ಚುಕ್ಕೆ.

ರಾತ್ರಿ ಎಣಿಸುವಾಗ ಸಿಕ್ಕಿತು ಆ ಚೀಟಿ:
'ಬೇಡ'ದ ಮೇಲೆ ನೆಟ್ಟಗೆ ಎಳೆದ ಗೀಟು,
ಪಕ್ಕದಲ್ಲಿ, ಇರುವೆ ಬಾಲದಷ್ಟು,
ಒಂದು ಅಲ್ಪವಿರಾಮ.

ಜೊತೆಗಿದ್ದ ಹುಡುಗ, "ಕೈ ಜಾರಿರಬೇಕು, ಬಿಡಿ" ಅಂದ.
ಗುರುತು ಹತ್ತುವ ಚಿಹ್ನೆಯಿದ್ದರೆ ಚೀಟಿ ಅಸಿಂಧು:
ನಮಗೆ ಆ ನಿಯಮ ಬಿಡಿಸಿ ಹೇಳಿದವನು ಯಾರು?
ಇದೇ ಕೋಣೆಯಲ್ಲಿ, ಇದೇ ಏಳರ ಮಗ್ಗಿಯ ಕೆಳಗೆ?
ರದ್ದಾದವುಗಳ ಕಟ್ಟಿಗೆ ಸೇರಿಸಿದೆ.
ಯಾರ ಚೀಟಿಯೋ ನನಗೆ ಗೊತ್ತಿಲ್ಲ.
ಗೊತ್ತಿರಕೂಡದು.

ಊರು ಬೇಡ ಅಂದಿತು. ದೇಶವೂ ಬೇಡ ಅಂದಿತು.
ಪೆಟ್ಟಿಗೆಯಲ್ಲಿ ಒಂದು ಪೆನ್ಸಿಲ್ ಕಡಿಮೆ ಬಿತ್ತು;
"ತುಂಡಾಗಿದೆ" ಎಂದು ಬರೆದು, ಸುಳ್ಳಿಗೆ ಸರ್ಕಾರದ ಮೊಹರು ಒತ್ತಿದೆ.

ಈಗ ಮೂರು ಸೇತುವೆಯ ಮೆಟ್ಟಿಲ ಮೇಲೆ ಕೂತು
ಪತ್ರಿಕೆಯ ಪದಬಂಧ ತುಂಬುತ್ತಾನೆ.
"ನೀವೆಸ್, ನಾಲ್ಕಕ್ಷರ, ನೀರು ಬಿಡುವುದು, ಮೀನು ಬಿಡದ್ದು?"
ಅವನಿಗೇ ಗೊತ್ತಿಲ್ಲವೇ. ಮಾತಿಗೆ ಕರೆಯುವುದು, ಅಷ್ಟೆ.
ಚೌಕಗಳಲ್ಲೆಲ್ಲ ನೇರಳೆ ಅಕ್ಷರ.
ತಪ್ಪು ಬಿದ್ದರೆ ಒರೆಸಲು ಬರುವುದಿಲ್ಲ ಅದಕ್ಕೆ;
ಪೆನ್ಸಿಲ್ ನಾಲಿಗೆಗೆ ತಾಗಿಸಿ
ತಪ್ಪಿನ ಮೇಲೆಯೇ ದಪ್ಪಗೆ ತಿದ್ದುತ್ತಾನೆ,
ಕಾಗದ ಹರಿಯುವವರೆಗೆ.