ಪಾಯಿಂಟಿನ ಸಂದು

ಬೇರೆ ಗಾಡಿಗಳಿಗೆ ಬಾನೆಟ್ಟು,
ಇದಕ್ಕೆ ಇಡೀ ಮೂತಿ.
ಎರಡು ಕೊಂಡಿ ಬಿಚ್ಚಿ ಎತ್ತಿದರೆ
ದೀಪ, ಮಡ್‌ಗಾರ್ಡು ಸಮೇತ ಮುಂದಕ್ಕೆ ಮಗುಚಿ
ಎಂಜಿನ್ನು ಬಯಲಿಗೆ ಬರುತ್ತದೆ.
ಮುಂದಿನ ಟೈರಿನ ಮೇಲೇ ಕೂತು ಕೆಲಸ ಮಾಡಬಹುದು.
ಇಪ್ಪತ್ತಾರು ವರ್ಷ ಕೂತಿದ್ದೇನೆ,
ನಜರ್‌ಬಾದಿನ ಈ ಶೆಡ್ಡಿನಲ್ಲಿ.
ಕುದುರೆ ಕಟ್ಟುತ್ತಿದ್ದ ಬಳೆ ಇನ್ನೂ ಗೋಡೆಯಲ್ಲಿದೆ,
ನನ್ನ ಬಲ್ಬು ಅದಕ್ಕೇ ನೇತಾಡುತ್ತದೆ.

ಅರವತ್ತೈದರ ಟ್ರಯಂಫ್ ಸ್ಪಿಟ್‌ಫೈರ್.
ನಂಜಮ್ಮಣ್ಣಿಯವರು ಎಪ್ಪತ್ತೊಂದರಲ್ಲೂ ತಾವೇ ಓಡಿಸುತ್ತಾರೆ,
ಸೆರಗು ಸೊಂಟಕ್ಕೆ ಸಿಕ್ಕಿಸಿ.
ಬೆಟ್ಟ ಹತ್ತಿದರೆ ನಂದಿಯ ತಿರುವಿನ ಹೊತ್ತಿಗೆ
ರೇಡಿಯೇಟರು ಹುರುಳಿಸಾರಿನ ಹಾಗೆ ಕೊತಕೊತ.
ಜನ ನೀರಿನ ಬಾಟಲಿ ಕೊಡುತ್ತಾರೆ, ಫೋಟೋ ತೆಗೆಯುತ್ತಾರೆ.
"ಫೋಟೋ ಸಾಕಾಯ್ತು ಅರುಳಪ್ಪನವರೇ,
ಏನೇನು ಬದಲಾಯಿಸಬೇಕೋ ಬದಲಾಯಿಸಿ."

ಪಾರ್ಸಲ್ಲು ಬಂದವು.
ಅಲ್ಯೂಮಿನಿಯಂ ರೇಡಿಯೇಟರು, ಖಾಲಿ ತಟ್ಟೆಯಷ್ಟು ಹಗುರ.
ಕರೆಂಟಿನ ಫ್ಯಾನು.
ಹೋಸು ನೀಲಿ ಬಂತು; "ಥೂ, ನೀಲಿಯೇ?" ಅಂದರು,
ಕಪ್ಪಿಗೆ ಇನ್ನಿಪ್ಪತ್ತು ದಿನ ಕಾದೆವು.
ಆಲ್ಟರ್ನೇಟರಿನ ಬ್ರಾಕೆಟ್ಟು ಹೂಟಗಳ್ಳಿಯಲ್ಲಿ ಕಡೆಸಿದ್ದು.
ಲೇತಿನ ಹುಡುಗ ಕೇಳಿದ:
"ಮಾರುತಿ ಎಂಜಿನ್ನೇ ಕೂರಿಸಬಹುದಲ್ಲ ಅಂಕಲ್?"
ದುಡ್ಡು ಕೊಟ್ಟೆ, ಉತ್ತರ ಕೊಡಲಿಲ್ಲ.

ಹಳೇ ಡೈನಮೋದ ಗಾಡಿಗೆ ಪ್ಲಸ್ಸೇ ನೆಲ.
ಬ್ಯಾಟರಿ ತಿರುಗಿಸಿಟ್ಟೆ, ಒಂದು ಸಂಜೆಯಲ್ಲಿ ನೆಲ ಮೈನಸ್ಸಾಯಿತು.
ಗಾಡಿಗೆ ಗೊತ್ತೇ ಆಗಲಿಲ್ಲ,
ಅಥವಾ ಗೊತ್ತಾಗಿಯೂ ಸುಮ್ಮನಿತ್ತು.

ಕೊನೆಗುಳಿದದ್ದು ಡಿಸ್ಟ್ರಿಬ್ಯೂಟರು.
ಮುಚ್ಚಳ ತೆಗೆದರೆ ಪಾಯಿಂಟು:
ಸಾಸಿವೆಕಾಳಿನಂಥ ಎರಡು ಲೋಹ,
ಕೂಡುವುದು, ಬಿಡುವುದು.
ಕಿಡಿ ಹುಟ್ಟುವುದು ಬಿಡುವಾಗ.
ನಡುವೆ ಹದಿನೈದು ಥೌ ಸಂದಿರಬೇಕು;
ಕಮ್ಮಿಯಾದರೆ ಸುಡುತ್ತದೆ, ಹೆಚ್ಚಾದರೆ ತೊದಲುತ್ತದೆ.
ನನ್ನ ಗೇಜು ಕಳೆದ ದಿನ ಅವರು ಒಳಗಿನಿಂದ
ಲಗ್ನಪತ್ರಿಕೆಯೊಂದನ್ನು ತಂದರು,
ಎಪ್ಪತ್ತಾರರದ್ದು, ಅವರದೇ, ಹಂಚಿ ಮಿಕ್ಕಿದ್ದು:
"ಈ ದಪ್ಪ ಆಗುತ್ತಾ ನೋಡಿ."
ಆಯಿತು.
ಅಂಚು ಕತ್ತರಿಸಿ ಜೇಬಿಗಿಟ್ಟುಕೊಂಡೆ,
ಹೆಸರಿದ್ದ ಭಾಗ ಅವರಿಗೇ ವಾಪಸ್ಸು ಕೊಟ್ಟೆ.

ಎರಡು ತಿಂಗಳಿಗೆ ಪಾಯಿಂಟು ಸವೆಯುತ್ತದೆ,
ಎರಡು ತಿಂಗಳಿಗೆ ಫೋನು: "ಉಸಿರು ಕಟ್ತಾ ಇದೆ ಇದಕ್ಕೆ."
ಹತ್ತು ನಿಮಿಷದ ಕೆಲಸ, ಮುಕ್ಕಾಲು ಗಂಟೆ ಕಾಫಿ.
ಅವರಿಗೆ ಹಿತ್ತಾಳೆ ಲೋಟ, ನನಗೆ ಗಾಜಿನದ್ದು;
ಯಾವ ವರ್ಷದಿಂದಲೋ ನನಗೂ ಹಿತ್ತಾಳೆ.

ಈಗ ಬಂದಿರುವುದು ಎಲೆಕ್ಟ್ರಾನಿಕ್:
ಬೆರಳಿನಷ್ಟು ಕಪ್ಪು ಡಬ್ಬಿ, ಎರಡು ತಂತಿ,
ಸವೆಯುವಂಥದ್ದು ಒಳಗೇನೂ ಇಲ್ಲ.
"ಹಾಕಿದರೆ ಒಳ್ಳೇದಾ?" ಕೇಳಿದರು.
ಸುಳ್ಳು ನಾಲಿಗೆಯ ತುದಿವರೆಗೂ ಬಂದಿತ್ತು.
ಒಳ್ಳೇದು ಅಂದೆ.
ಹಾಕಿದೆ.
ಮೊದಲ ಬೀಗಕ್ಕೇ ಹತ್ತಿಕೊಂಡಿತು.
ಬೆಟ್ಟ ಹತ್ತಿ ಇಳಿದು ಬಂದರು, ಮುಳ್ಳು ಕದಲಿರಲಿಲ್ಲ.

ಮೇ. ಜೂನ್. ಜುಲೈ.
ಲಷ್ಕರ್ ಮೊಹಲ್ಲಾದಲ್ಲಿ ಆಟೋಗಳ ಕ್ಲಚ್ಚು, ಕೇಬಲ್ಲು,
ಅಂಗಿ ಒಗೆಯಲು ಹಾಕುವಾಗ ಜೇಬಿನ ರಟ್ಟು ತೆಗೆದಿಡುವುದು.

ಆಗಸ್ಟಿನಲ್ಲಿ ಫೋನು:
"ಏನೋ ಸದ್ದು ಬರ್ತಿದೆ. ಬಂದು ಕೇಳಿ."

ಮೂತಿ ಎತ್ತಿದೆ. ಟೈರಿನ ಮೇಲೆ ಕೂತೆ.
ಒಂದು, ಮೂರು, ನಾಲ್ಕು, ಎರಡು;
ಒಂದು, ಮೂರು, ನಾಲ್ಕು, ಎರಡು.
ಹೊಲಿಗೆ ಮಿಷನ್ನಿಗೂ ಇಷ್ಟು ನಯ ಇರುವುದಿಲ್ಲ.
"ಕೇಳಿಸ್ತಾ?"
ಸ್ಕ್ರೂಡ್ರೈವರಿನ ತುದಿ ಬ್ಲಾಕಿಗಿಟ್ಟು
ಹಿಡಿ ಕಿವಿಗೊತ್ತಿ ಬಹಳ ಹೊತ್ತು ಕೇಳಿದೆ.
"ಇದೆ," ಅಂದೆ. "ಸಣ್ಣದು.
ಎರಡು ತಿಂಗಳು ಬಿಟ್ಟು ಮತ್ತೆ ನೋಡಬೇಕಾಗುತ್ತೆ."

ಅವರು ಒಳಗೆ ಹೋದರು ಡಿಕಾಕ್ಷನ್ನಿಗೆ.
ಎಂಜಿನ್ನು ನಿಲ್ಲಿಸಲು ಇಬ್ಬರಿಗೂ ನೆನಪಾಗಲಿಲ್ಲ.
ಹೊಸ ಫ್ಯಾನು ತಾನೇ ತಿರುಗಿತು,
ತಾನೇ ನಿಂತಿತು.