ಮೂವತ್ತೆಂಟು ಗ್ರಾಂ

ಸಿದ್ದಾಪುರದ ಸಂತೆಯ ಹಿಂದಿನ ಓಣಿ,
ಐಯಣ್ಣನವರ ಮೆಣಸು-ಕಾಫಿ ಮಂಡಿ.
ಬೆಳಿಗ್ಗೆ ಒಂಬತ್ತಕ್ಕೆ ನಾನು ಗುಂಡಿ ಒತ್ತಿದರೆ
ಒಂಬತ್ತೂ ಹತ್ತಕ್ಕೆ ಅದು ಕಣ್ಣು ಬಿಡುತ್ತಿತ್ತು.
ಒಳಗೆ ಕಟಕಟ, ಕಟಕಟ,
ಹಳೇ ಬೀರುವಿನಲ್ಲಿ ಮರ ಕೊರೆಯುವ ಹುಳುವಿನ ಹಾಗೆ.
ಅಷ್ಟರಲ್ಲಿ ಕಸ ಗುಡಿಸಿ, ತಕ್ಕಡಿ ಒರೆಸಿ,
ಎದುರಿನ ಹೋಟೆಲಿಂದ ಕರಿಕಾಫಿ ತರಿಸಿ ಕುಡಿದು
ಲೋಟವನ್ನೂ ವಾಪಸು ಕೊಟ್ಟು ಬರಬಹುದಿತ್ತು.

ಮೇದಪ್ಪ ಮಾವ ಬರುತ್ತಿದ್ದದ್ದು ಆ ಹತ್ತು ನಿಮಿಷಕ್ಕೇ.
ಸ್ಟೂಲಿನ ಮೇಲೆ ಕೂತು, ಕೊಡೆ ಗೋಡೆಗೆ ಒರಗಿಸಿ,
ಸೇತುವೆ ಇಲ್ಲದ ಕಾಲದ ಒಂದೇ ಕಥೆ:
ಮದುವೆ ಮನೆಗೆಂದು ತಲೆಯ ಮೇಲೆ ಗ್ರಾಮಫೋನು ಹೊತ್ತು
ಕಾವೇರಿಗೆ ಇಳಿದದ್ದು.
ದಿನಕ್ಕಿಷ್ಟು, ದಿನಕ್ಕಿಷ್ಟು.
ಕೆಲವು ದಿನ ನೀರು ಮೊಣಕಾಲಿಗೇ ನಿಲ್ಲುತ್ತಿತ್ತು.

ಹೊಸ ಕಂಪ್ಯೂಟರಿಗೆ ನಲವತ್ತು ಸಾವಿರವಂತೆ.
ಐಯಣ್ಣ ಅದನ್ನು ಮೆಣಸಿನ ಚೀಲಕ್ಕೆ ಭಾಗಿಸಿ ಸುಮ್ಮನಾದರು.
ಕೊನೆಗೆ ನೆಲ್ಯಹುದಿಕೇರಿಯಿಂದ ಸಫ್ವಾನ ಬಂದಳು,
ಅಣ್ಣನ ಮೊಬೈಲ್ ಅಂಗಡಿಯಲ್ಲಿ ಕೈ ಪಳಗಿದವಳು.
"ಮಿಷನ್ ಗಟ್ಟಿ ಇದೆ ಅಕ್ಕ, ಡಿಸ್ಕಿಗೆ ಮಾತ್ರ ಮುಪ್ಪು."

ಪಕ್ಕದ ತಗಡು ಬಿಚ್ಚಿದಳು.
ಧೂಳು. ಕಾಫಿಯ ಹೊಟ್ಟು.
ಒಡೆದ ಎರಡು ಹಲ್ಲಿಮೊಟ್ಟೆ.
ನಾನು ಎಂದೋ ಹುಡುಕಿ ಕೈಬಿಟ್ಟ ರಬ್ಬರ್ ಬ್ಯಾಂಡು.
ಪೇಂಟಿನ ಬ್ರಷ್ಷಲ್ಲಿ ಎಲ್ಲ ಗುಡಿಸಿ
ರ‍್ಯಾಮಿನ ಚಿನ್ನದ ಹಲ್ಲುಗಳನ್ನು
ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿದಳು.

ಹಳೆಯದರಲ್ಲಿ ತಿರುಗುವ ತಟ್ಟೆ, ಅದರ ಮೇಲೊಂದು ಸೂಜಿ.
ಹೊಸದರಲ್ಲಿ ಏನೂ ತಿರುಗುವುದಿಲ್ಲವಂತೆ.
ಹದಿನೆಂಟು ವರ್ಷದ ಚಾಳಿ, ಬಿಡಲಾಗಲಿಲ್ಲ,
ಎರಡನ್ನೂ ಮೆಣಸಿನ ತಕ್ಕಡಿಗೆ ಇಟ್ಟೆ.
ಹಳೆಯದು ಐನೂರ ಅರವತ್ತೆರಡು ಗ್ರಾಂ.
ಹೊಸದು ಮೂವತ್ತೆಂಟು.
ಒಂದು ಹಿಡಿ ಮೆಣಸಿಗೂ ಕಡಿಮೆ.

ನಕಲು ಇಳಿಸಲು ರಾತ್ರಿಯಾಯಿತು.
ಅರವತ್ತಮೂರು ಪರ್ಸೆಂಟಿಗೆ ಕರೆಂಟು ಹೋಯಿತು.
ಯುಪಿಎಸ್ಸು ಕುಯ್ಯೋ ಅನ್ನುವಾಗ
ತೋಟದ ರಸ್ತೆಯಲ್ಲಿ ಆನೆ ಇದೆಯೆಂದು ಮೊಬೈಲಿಗೆ ಮೆಸೇಜು.
ಬೆಳಕೂ ಇಲ್ಲ, ಹೊರಡುವಂತೆಯೂ ಇಲ್ಲ.
ಇಬ್ಬರೂ ಚೀಲಗಳ ಮೇಲೆ ಕೂತು
ಒಂದು ಪೊಟ್ಟಣ ಬನ್ನು ತಿಂದೆವು.
ಅವಳು ಕೇಳಿದಳು, "ಇದರೊಳಗೆ ಏನೆಲ್ಲ ಇದೆ ಅಕ್ಕ?"

ಏನಿಲ್ಲ?
ತೇವ ಹೆಚ್ಚಿದೆ ಅಂದದ್ದಕ್ಕೆ ಜಗಳವಾಡಿದವರು,
ತೀರಿಕೊಂಡ ಮೇಲೂ ಹದಿನಾಲ್ಕು ರೂಪಾಯಿ ಬಾಕಿ ಇರುವವರು,
ಕರಿಮೆಣಸು ಎನ್ನುವಲ್ಲಿ ಕರಿಮನಸು ಎಂದು ಒತ್ತಿ
ನಾನು ಹಂಚಿದ ನಲವತ್ತು ಬಿಲ್ಲು.
(ಯಾರೂ ವಾಪಸು ತರಲಿಲ್ಲ.)
'ಹೊಸ ಫೋಲ್ಡರ್ ಮೂರು' ಅನ್ನುವುದರಲ್ಲಿ
ಒಂದು ಮಳೆಗಾಲ ಟೈಪು ಮಾಡಿ ಪ್ರಿಂಟು ತೆಗೆಯದ
ನನ್ನ ರಾಜೀನಾಮೆ.
ಅವಳಿಗೆ "ಲೆಕ್ಕ" ಎಂದೆ.

ಹನ್ನೊಂದಕ್ಕೆ ಕರೆಂಟು ಬಂತು. ಮೊದಲಿಂದ ಶುರು.
ಕೊನೆಗೆ ಎರಡೂ ಬದಿಗೆ ಅಂಟುವ ಟೇಪಿನಿಂದ
ಹೊಸದನ್ನು ಗೋಡೆಗೆ ದೇವರ ಪಟ ಅಂಟಿಸಿದ ಹಾಗೆ ಅಂಟಿಸಿದಳು.
ರಾಜೀನಾಮೆಯೂ ಬಂದಿತ್ತು,
ತಾರೀಕು ಸಹಿತ, ಒಂದಕ್ಷರ ಉದುರದೆ.

ಮರುದಿನ ಗುಂಡಿ ಒತ್ತಿದೆ.
ಹನ್ನೊಂದು ಸೆಕೆಂಡು.
ಪೊರಕೆ ಇನ್ನೂ ಕೈಯಲ್ಲೇ ಇತ್ತು.

ಮೇದಪ್ಪ ಮಾವ ಕೊಡೆ ಒರಗಿಸಿದರು,
ಹೊಳೆಗೆ ಇಳಿದರು, ಕುತ್ತಿಗೆಮಟ್ಟ ನೀರು,
ತಲೆಯ ಮೇಲೆ ಗ್ರಾಮಫೋನು,
"ಮಾವ, ನಿಮ್ಮ ಲೆಕ್ಕ ಬಂತು," ಎಂದೆ.
ನನಗೇ ಕೆಟ್ಟೆನಿಸಿತು.
ಮನುಷ್ಯ ನಡುಹೊಳೆಯಲ್ಲಿ ಪರದೆ ನೋಡುತ್ತ ನಿಂತುಬಿಟ್ಟರು.

ಮೇಜಿನ ಮೇಲಿದ್ದ ಹಳೇ ಡಿಸ್ಕನ್ನು ಅಂಗೈಯಲ್ಲಿ ತೂಗಿ
"ಇದು ನೀರಿಗೆ ಬಿದ್ದರೆ ಆಮೇಲೆ ಹಾಡುತ್ತದಾ?" ಅಂದರು.
"ಗೊತ್ತಿಲ್ಲ ಮಾವ. ನಿಮ್ಮದು ಹಾಡಿತಾ?"

ಐಯಣ್ಣ ಒಳಗಿಂದ ಕೂಗಿದರು,
ಹೇಗಿದ್ದರೂ ಆ ಹುಡುಗಿ ಬಂದಿದ್ದಾಳೆ,
ಪ್ರಿಂಟರನ್ನೂ ಬದಲಿಸೋಣವಾ ಎಂದು.
"ಬೇಡ, ಚೆನ್ನಾಗೇ ಇದೆ," ಎಂದೆ.
ಅದು ಕಿರ್ರ್ ಎಂದು ಒಂದು ಸಾಲು ಹೊಡೆದು,
ನಿಂತು, ಯೋಚಿಸಿ,
ಇನ್ನೊಂದು ಸಾಲಿಗೆ ಹೊರಳಿತು.
ಮಾವ ಕಾಲು ಎತ್ತಿ ಮುಂದಿಟ್ಟರು.